ಎರಿಗುಬ್ಬಿಯ ಆಯೇರಿ

ಯಲಬುರ್ಗಾದ ಬಸ್ ಸ್ಟ್ಯಾಂಡಿನ ಎದುರಿಗೆ ನನ್ನದೊಂದು ಬಟ್ಟೆ ಅಂಗಡಿ ಇದೆ. ನನ್ನ ಹೆಸರು ಕೊಟ್ರಬಸಪ್ಪ. ನಾನು ಮಾರುವುದರಲ್ಲಿ ಮುಕ್ಕಾಲು ಪಾಲು ಯಾರೂ ಉಡದ, ಯಾರೂ ತೊಡದ ಬಟ್ಟೆ. ಮದುವೆ, ಕುಬಸ, ತೊಟ್ಟಿಲು ಎಂದು ಆಯೇರಿ ಕೊಡಲು ಜನ ಒಯ್ಯುವ ಜಂಪರ್ ಪೀಸು, ಟಾವೆಲ್ಲು, ಟೋಪಿ. ಆಯೇರಿಗೆ ಬಂದ ಜಂಪರ್ ಪೀಸನ್ನು ನಮ್ಮ ಕಡೆ ಹೊಲಿಸುವವರಿಲ್ಲ. ಅದು ಟ್ರಂಕಿನಲ್ಲಿ ಸ್ವಲ್ಪ ದಿನ ದಣಿವಾರಿಸಿಕೊಂಡು ಮುಂದಿನ ಮದುವೆಗೆ ಹೊರಡುತ್ತದೆ. ಕುಷ್ಟಗಿ, ಗಂಗಾವತಿ, ಕೊಪ್ಪಳ ಎಲ್ಲ ತಿರುಗಿದ ಪೀಸೊಂದು ನನ್ನ ಮಗಳ ಮದುವೆಯಲ್ಲಿ ನನಗೇ ಬಂದಿತ್ತು, ನನ್ನ ಅಂಗಡಿಯ ಚೀಟಿ ಸಮೇತ. ಕೊಡವಿ ಮತ್ತೆ ಮಾರಿದೆ. ವ್ಯಾಪಾರಕ್ಕೆ ಕೂತವನು ನಾಚಿಕೊಂಡರೆ ಹೊಟ್ಟೆ ತುಂಬುವುದಿಲ್ಲ.

ನನ್ನ ಗೆಳೆಯ ಪ್ರಭುರಾಜ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರನಾಗಿದ್ದ. ನಿವೃತ್ತಿಯಾದ ಮೇಲೆ ಬೇರೆಯವರು ಮಠಕ್ಕೋ ಇಸ್ಪೀಟಿಗೋ ಹೋದರೆ, ಇವನು ಬದುವಿನ ಮೇಲೆ ಬೋರಲು ಮಲಗಿ ಕಸ ನೋಡತೊಡಗಿದ. ಹಕ್ಕರಿಕೆ, ಉತ್ತರಾಣಿ, ತುಂಬೆ, ಕಾರೆ ಎಂದು ಎರೆಹೊಲದಲ್ಲಿ ಬಿತ್ತದೆ ಬೆಳೆಯುವುದನ್ನೆಲ್ಲ ಚಿತ್ರ ಬರೆದು ಒಂದು ಪುಸ್ತಕ ಮಾಡಿದ. ಅದರ ಕೊನೆಯ ಪುಟದಲ್ಲಿತ್ತು ಎರಿಗುಬ್ಬಿ. ಗೇಣುದ್ದದ ಗಿಡ, ಬೂದಿ ಬಣ್ಣದ ಎಲೆ, ಎಳ್ಳಿನಷ್ಟು ನೀಲಿ ಹೂವು, ಗುಬ್ಬಿಯ ತಲೆಯಂಥ ಕಾಯಿ. ಇಡೀ ತಾಲೂಕಿನಲ್ಲಿ ಒಂದೇ ಒಂದು ಬದುವಿನ ಮೇಲೆ ಅದು ಅವನ ಕಣ್ಣಿಗೆ ಬಿದ್ದಿತ್ತು. ಕಾಯಿ ಬಲಿತ ಒಂದು ಕಡ್ಡಿಯನ್ನು ಕಿತ್ತು ತಂದು, ಪುಸ್ತಕ ಅಚ್ಚಾಗಿ ಬಂದ ಮೇಲೆ ತನ್ನ ಪ್ರತಿಯ ಕೊನೆಯ ಪುಟದಲ್ಲೇ ಇಟ್ಟುಕೊಂಡಿದ್ದ. ಅಷ್ಟರಲ್ಲಿ ಆ ಬದುವಿನ ಮೇಲೆ ಕರೆಂಟು ತೆಗೆಯುವ ಗಾಳಿ ಫ್ಯಾನಿನ ಕಂಬಕ್ಕೆ ಹೋಗುವ ರಸ್ತೆ ಬಿದ್ದು ಎಲ್ಲ ಸಪಾಟಾಯಿತು.

ಪುಸ್ತಕದ ಬಿಡುಗಡೆಗೆ ಹೊಸಪೇಟೆಯಿಂದ ಗೋವಿಂದರಾಜ ಎಂಬ ನಿವೃತ್ತ ಸಸ್ಯಶಾಸ್ತ್ರದ ಪ್ರಾಧ್ಯಾಪಕರು ಬಂದಿದ್ದರು. ಪುಸ್ತಕ ಹೊಗಳಿ ಹೊಗಳಿ, ಕೊನೆಗೆ ಮೈಕನ್ನು ಬಾಯಿಗೆ ಇನ್ನಷ್ಟು ಹತ್ತಿರ ಎಳೆದುಕೊಂಡು ಹೇಳಿದರು: “ಈ ಎರಿಗುಬ್ಬಿ ಅನ್ನೋ ಗಿಡ ಮಾತ್ರ ಭೂಮಿ ಮೇಲೆ ಎಲ್ಲೂ ಇಲ್ಲ. ಮಾಸ್ತರರ ಕಲ್ಪನೆ ಚೆನ್ನಾಗಿದೆ. ಮುಂದಿನ ಸಲ ಕಾದಂಬರಿ ಬರೀಲಿ.”

ಮೈಕಿನಲ್ಲಿ ಬಂದ ಮಾತಿಗೆಲ್ಲ ನಮ್ಮೂರಿನವರು ಚಪ್ಪಾಳೆ ಹೊಡೆಯುತ್ತಾರೆ. ಅದಕ್ಕೂ ಹೊಡೆದರು.

ಪ್ರಭುರಾಜ ವೇದಿಕೆಯಿಂದ ಇಳಿದು ಕಡ್ಡಿ ತರಲು ಮನೆಗೆ ಓಡಿದ. ನಾನೂ ಹಿಂದೆ ಓಡಿದೆ. ಪುಸ್ತಕಗಳ ರಾಶಿ ಇತ್ತು, ಅವನ ಪ್ರತಿ ಇರಲಿಲ್ಲ. ಅವನ ಹೆಂಡತಿ ವಿರೂಪಾಕ್ಷಮ್ಮ ಸಮಾಧಾನವಾಗಿ ಹೇಳಿದಳು.

“ನಿನ್ನಿ ಕುಷ್ಟಗಿ ಮದಿವ್ಯಾಗ ನಮ್ಮ ಕಾಕಾನ ಮಗಳು ದಾನೇಶ್ವರಿಗೆ ಆಯೇರಿ ಕೊಟ್ಟೀನಿ. ಹಸರ ಜಂಪರ್ ಪೀಸ್ನ್ಯಾಗ ಸುತ್ತಿ, ಸೇರಕ್ಕಿ ಮ್ಯಾಲಿಟ್ಟು.”

“ಅಷ್ಟು ಪುಸ್ತಕ ಇದ್ದಾವು, ಅದನ್ನಽ ಯಾಕ ಕೊಟ್ಟಿ?”

“ಅದು ಉಬ್ಬಿ ದಪ್ಪ ಇತ್ತು. ತೆಳ್ಳಂದು ಕೊಟ್ರ ಮಂದಿ ಏನಂದಾರು?”

“ಈಗಽ ಹೋಗಿ ಇಸ್ಕೊಂಡು ಬರ್ತೀನಿ.”

“ಕೊಟ್ಟ ಆಯೇರಿ ತಿರುಗಿ ಕೇಳಿದವರು ಈ ಸೀಮ್ಯಾಗ ಯಾರೂ ಇಲ್ಲ. ನೀವು ಕೇಳೂದಾದ್ರ ಮೊದಲ ನನ್ನ ತವರಮನಿಗೆ ಕಳಿಸಿ ಆಮ್ಯಾಲ ಕೇಳ್ರಿ.”

ಅವಳು ಹೇಳಿದ್ದರಲ್ಲಿ ತಪ್ಪಿಲ್ಲ. ಮನೆ ಬರೆದುಕೊಟ್ಟು ತಿರುಗಿ ಕೇಳಿದವರನ್ನು ಕೋರ್ಟಿನಲ್ಲಿ ಕಂಡಿದ್ದೇನೆ. ಜಂಪರ್ ಪೀಸು ಕೊಟ್ಟು ತಿರುಗಿ ಕೇಳಿದವರನ್ನು ಎಲ್ಲೂ ಕಂಡಿಲ್ಲ.

ಮರುದಿನದಿಂದ ಪ್ರಭುರಾಜನಿಗೆ ‘ಇಲ್ಲದ ಗಿಡದ ಮಾಸ್ತರ’ ಎಂದು ಹೆಸರು ಬಿತ್ತು. ಸಂತೆಯಲ್ಲಿ ಕಾಯಿಪಲ್ಲೆ ಮಾರುವ ಬಾನುಬೀ ಕೂಡ, “ಮಾಸ್ತರ, ನನ್ನ ಕಡಿ ಖರೇನಽ ಇರೂ ಕೊತ್ತಂಬ್ರಿ ಅಷ್ಟಽ ಐತ್ರಿ, ನಡೀತೈತೇನ್ರಿ?” ಎಂದಳು. ಮೂವತ್ತು ವರ್ಷ ಮಕ್ಕಳಿಗೆ ‘ಕಂಡದ್ದನ್ನೇ ಬರೀರಿ’ ಎಂದು ಕಲಿಸಿದವನು. ಜನ ನಕ್ಕದ್ದಕ್ಕಿಂತ, ಕಾಣದ್ದನ್ನು ಬರೆದವನು ಎನಿಸಿಕೊಂಡದ್ದು ಅವನಿಗೆ ಚುಚ್ಚಿತು. ಊಟ ಬಿಟ್ಟ. ನೋಡಲಾಗದೆ ನಾನೇ ದಾರಿ ಹೇಳಿದೆ.

“ಕೇಳಾಕ ಬರಂಗಿಲ್ಲ, ಖರೆ. ಆದ್ರ ಕಾರ್ಯ ಮಾಡಿದ್ರ ತಾನಽ ಬರ್ತೈತಿ. ಊರಿಗೆ ಬಂದಾಕಿ ನೀರಿಗೆ ಬರದಽ ಇರ್ತಾಳೇನು?”

“ಯಾವ ಕಾರ್ಯ? ನಮ್ಮ ಮನ್ಯಾಗ ಮದಿವಿ ಮಾಡಾಕ ಯಾರೂ ಉಳಿದಿಲ್ಲ.”

ಹುಡುಕಿದರೆ ಕಾರಣಕ್ಕೆ ಬರವೇ? ಹಿತ್ತಲಲ್ಲಿ ಹೊಸ ಬಚ್ಚಲು ಕಟ್ಟಿಸಿ, ಬೇಸಿಗೆ ಮುಗಿಯುವುದರೊಳಗೆ ‘ನೂತನ ಬಚ್ಚಲಮನೆಯ ಪ್ರವೇಶೋತ್ಸವ’ ಎಂದು ಅರಿಶಿಣ ಹಚ್ಚಿದ ಕಾರ್ಡು ಹಂಚಿದೆವು. ಅಯ್ಯನವರು ಬಂದು ಹಂಡೆಗೆ ಪೂಜೆ ಮಾಡಿದರು. ದಂಪತಿ ಕೈ ಹಿಡಿದು ಬಚ್ಚಲಿನೊಳಗೆ ಹೋಗಿ, ಏನು ಮಾಡಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ನಿಂತು ಹೊರಗೆ ಬಂದರು. ಆಯೇರಿ ರಾಶಿ ಬಿತ್ತು. ಅದರಲ್ಲಿ ಪ್ರಭುರಾಜನ ಪುಸ್ತಕದ ಪ್ರತಿಗಳೂ ಹಲವು ಇದ್ದವು, ಯಾಕೆಂದರೆ ವಿರೂಪಾಕ್ಷಮ್ಮ ಆ ಸೀಜನ್ನಿನ ಮದುವೆಗಳಿಗೆಲ್ಲ ಅದನ್ನೇ ಕೊಟ್ಟಿದ್ದಳು. ಅವನು ಒಂದೊಂದನ್ನೇ ಬಿಚ್ಚಿದ. ಯಾವುದರಲ್ಲೂ ಕಡ್ಡಿ ಇರಲಿಲ್ಲ. ಕತ್ತರಿಸದೆ ಅಂಟಿಕೊಂಡ ಹಾಳೆಗಳು ಅಂಟಿಕೊಂಡೇ ಇದ್ದವು. ಒಬ್ಬರೂ ಓದಿಲ್ಲ ಎಂಬುದು ಹೀಗೆ ಗೊತ್ತಾಗಿ ಅವನ ಮುಖ ಇನ್ನಷ್ಟು ಸಣ್ಣದಾಯಿತು.

ಕುಷ್ಟಗಿಯ ದಾನೇಶ್ವರಿ ತಂದದ್ದು ಸ್ಟೀಲಿನ ಡಬ್ಬಿ. ಆಯೇರಿಯನ್ನು ಕೇಳುವಂತಿಲ್ಲ, ಆದರೆ ಬಟ್ಟೆ ವ್ಯಾಪಾರಿ ಬಟ್ಟೆಯ ಯೋಗಕ್ಷೇಮ ಕೇಳಬಹುದು.

“ಆ ಹಸರ ಪೀಸು ಬಣ್ಣಗಿಣ್ಣ ಬಿಡ್ತೇನವ್ವ?” ಎಂದೆ.

“ನಾ ಬಿಚ್ಚೇ ಇಲ್ರಿ. ಅಕ್ಕಿ ಇಟಗೊಂಡು ಪೀಸು ಹಂಗಽ ಗಂಗಾವತಿ ಜುಬೇದಾಬೀ ಮಗನ ಮದಿವಿಗೆ ಕೊಟ್ಟೀನಿ.”

ಇನ್ನು ಗಂಗಾವತಿಯವರನ್ನು ಕರೆಯಲು ಕಾರಣ ಬೇಕು. ಪ್ರಭುರಾಜನ ಮನೆಯ ಎಮ್ಮೆ ಗಬ್ಬವಾಗಿತ್ತು. ಶ್ರಾವಣದಲ್ಲಿ ಎಮ್ಮೆಗೆ ಕುಬಸ ಮಾಡಿದೆವು. ಹಸಿರು ಸೀರೆ ಹೊದಿಸಿ, ಕೊಂಬಿಗೆ ಹೂವಿನ ದಂಡೆ ಕಟ್ಟಿ, ಮುತ್ತೈದೆಯರು ಆರತಿ ಎತ್ತಿದರು. ಎಮ್ಮೆ ದಂಡೆ ತಿಂದಿತು. ಗಂಗಾವತಿಯಿಂದ ಜುಬೇದಾಬೀ ಬಸ್ಸಿನಲ್ಲಿ ಬಂದು, ಎಮ್ಮೆಯ ಕೊಂಬಿಗೆ ಆಗುವ ಅಳತೆಯ ಬಳೆ ಸಿಗಲಿಲ್ಲವೆಂದು ಮನಸಾರೆ ನೊಂದುಕೊಂಡಳು. ಒಬ್ಬರಾದರೂ ಎಮ್ಮೆಗೆ ಯಾಕೆ ಕುಬಸ ಎಂದು ಕೇಳಲಿಲ್ಲ. ಕಾರ್ಡು ಬಂದ ಮೇಲೆ ಹೋಗಬೇಕು, ಹೋದ ಮೇಲೆ ಕೊಡಬೇಕು. ಅದರಾಚೆ ನಮ್ಮ ಜನ ತಲೆ ಕೆಡಿಸಿಕೊಳ್ಳುವುದಿಲ್ಲ, ಆ ಗುಣದಿಂದಲೇ ನಾನು ಅನ್ನ ತಿನ್ನುತ್ತಿದ್ದೇನೆ.

ಮೆಲ್ಲಗೆ ವಿಚಾರಿಸಿದರೆ, ಜುಬೇದಾಬೀಯ ಹಸಿರು ಗಂಟು ಅವಳ ತಮ್ಮ ಶಾಮೀದಸಾಬನ ಕೈ ಸೇರಿತ್ತು. ಅವನು ಅದನ್ನು ಕೊಪ್ಪಳದ ಒಂದು ಸನ್ಮಾನ ಸಮಾರಂಭಕ್ಕೆ ಒಯ್ದು ಕೊಟ್ಟಿದ್ದ. ಯಾರಿಗೆ ಎಂದು ಫೋನು ಮಾಡಿ ಕೇಳಿದೆ.

“ಹೆಸರು ಗೊತ್ತಿಲ್ರಿ ಸಾವ್ಕಾರ್ರ. ಬೋಳ ತಲಿ, ಕಣ್ಣಿಗೆ ಚಾಳೀಸು, ಕೊಳ್ಳಾಗ ಶಾಲು,” ಎಂದ ಶಾಮೀದಸಾಬ.

ಸನ್ಮಾನವಾಗುವವರೆಲ್ಲ ಹಾಗೇ ಇರುತ್ತಾರೆ. ಜಾಡು ಅಲ್ಲಿಗೆ ಮುಗಿಯಿತು.

ಆ ಮಳೆಗಾಲವಿಡೀ ಪ್ರಭುರಾಜ ಯಲಬುರ್ಗಾದಿಂದ ಕನಕಗಿರಿಯವರೆಗೆ ಬದು ಬದು ತಿರುಗಿದ. ಬೆಳಿಗ್ಗೆ ಹೊಸ ಬಚ್ಚಲಿನಲ್ಲಿ ಮೈ ತೊಳೆದು ಹೊರಟರೆ ಸಂಜೆ ಕೆಸರು ಮೆತ್ತಿದ ಚಪ್ಪಲಿ ಕೈಯಲ್ಲಿ ಹಿಡಿದು ಬರುತ್ತಿದ್ದ. ಎರಿಗುಬ್ಬಿ ಎಲ್ಲೂ ಇಲ್ಲ. ಚಿತ್ತಿ ಮಳೆ ಬಿದ್ದು ಹಿಂಗಾರಿ ಬಿತ್ತನೆ ಮುಗಿಯುವ ಹೊತ್ತಿಗೆ ಎಮ್ಮೆ ಹೆಣ್ಣು ಕರು ಹಾಕಿತು. ಕುಬಸ ಮಾಡಿದ ಮೇಲೆ ತೊಟ್ಟಿಲು ಮಾಡದಿದ್ದರೆ ಹೇಗೆ ಎಂದು ಹೆಂಗಸರೇ ಗದ್ದಲ ಮಾಡಿದರು.

“ಕೊಟ್ರಬಸು, ಕರಕ್ಕ ಎರಿಗುಬ್ಬಿ ಅಂತ ಹೆಸರಿಡೂಣು,” ಎಂದ ಪ್ರಭುರಾಜ. “ಗಿಡ ಅಂತೂ ಹೋತು. ಹೆಸರರ ಯಾರರ ಬಾಯಾಗ ಇರ್ಲಿ.”

ನನಗೆ ಸಂಕಟವಾಯಿತು, ಆಮೇಲೆ ಸಿಟ್ಟು ಬಂತು. ಇಲ್ಲದ ಗಿಡದ ಹೆಸರಿನ ಇರುವ ಕರುವನ್ನಾದರೂ ನೋಡಿ ಹೋಗಲಿ ಎಂದು ಹೊಸಪೇಟೆಯ ಗೋವಿಂದರಾಜರಿಗೂ ಒಂದು ಕಾರ್ಡು ಕಳಿಸಿದೆ. ಮೈಕಿನ ವ್ಯವಸ್ಥೆ ಇದೆ ಎಂದು ಕೆಳಗೆ ಬರೆದೆ. ಅವರು ಹೆಂಡತಿ ಲಲಿತಾ ಅವರನ್ನು ಕರೆದುಕೊಂಡು ಎಲ್ಲರಿಗಿಂತ ಮೊದಲೇ ಬಂದರು.

ತಿಂಗಳು ತುಂಬಿದ ಕರುವನ್ನು ತೊಟ್ಟಿಲಲ್ಲಿ ಮಲಗಿಸಲು ನಾಲ್ಕು ಮಂದಿ ಗಂಡಸರು ಬೇಕಾದರು. ದಾನೇಶ್ವರಿ ಮೈಕಿನಲ್ಲಿ ಜೋಗುಳ ಹಾಡಿದಳು. ಕಿವಿಯಲ್ಲಿ ಹೆಸರು ಹೇಳಿದ್ದಾಯಿತು. ಆಯೇರಿ ಶುರುವಾಯಿತು. ಲಲಿತಾ ಚೀಲದಿಂದ ಒಂದು ಗಂಟು ತೆಗೆದು ವಿರೂಪಾಕ್ಷಮ್ಮನ ಉಡಿಗೆ ಹಾಕಿದರು. ಹಸಿರು ಜಂಪರ್ ಪೀಸು, ನನ್ನ ಅಂಗಡಿಯದು. ನಾನು ಉಡಿಯಿಂದಲೇ ಕಿತ್ತುಕೊಂಡೆ. ಆಮೇಲೆ ಅದಕ್ಕೆ ಜನ ನನ್ನನ್ನು ಆಡಿಕೊಂಡರು, ಆಡಿಕೊಳ್ಳಲಿ.

“ಕೊಪ್ಪಳದಲ್ಲಿ ಇವರಿಗೆ ಸನ್ಮಾನ ಆದಾಗ ಬಂದಿತ್ತು,” ಎಂದರು ಲಲಿತಾ. “ಒಳಗೆ ಏನೋ ಪುಸ್ತಕ ಇರಬೇಕು.”

ಪ್ರಭುರಾಜ ಗಂಟು ಬಿಚ್ಚಿ ಕೊನೆಯ ಪುಟ ತೆರೆದ. ಕಡ್ಡಿ ಇತ್ತು. ಬರೀ ಕಡ್ಡಿ. ಎಲೆ ಪುಡಿಯಾಗಿ ಹೋಗಿತ್ತು, ಹೂವಿಲ್ಲ, ಕಾಯೆಲ್ಲ ಒಡೆದು ಬೀಜ ಉದುರಿ ಖಾಲಿ. ಮುಟ್ಟಿದ ಕೂಡಲೇ ಅದೂ ಮುರಿಯಿತು. ಊರಾಡಿ ಬಂದದ್ದು ಕಡ್ಡಿಯಾಗಿ ಬಂದಿತ್ತು.

ಗೋವಿಂದರಾಜರು ಕನ್ನಡಕ ಏರಿಸಿ ನೋಡಿ ಅವನ ಭುಜ ತಟ್ಟಿದರು. “ಕಡ್ಡಿಯಿಂದ ಏನೂ ಸಿದ್ಧ ಆಗೋದಿಲ್ಲ ಮಾಸ್ತರೇ. ಇದು ಕಸಬರಿಗೆ ಕಡ್ಡಿಯೂ ಆಗಿರಬಹುದು.”

ಪ್ರಭುರಾಜ ಪುಸ್ತಕ ಎದೆಗಾನಿಸಿಕೊಂಡು ತೊಟ್ಟಿಲ ಪಕ್ಕ ನೆಲದ ಮೇಲೆ ಕೂತುಬಿಟ್ಟ. ಅವನು ಅಳುವುದನ್ನು ನಾನು ಎಂದೂ ನೋಡಿರಲಿಲ್ಲ, ಅಂದು ನೋಡಿದೆ.

ಎಲ್ಲರ ಕಣ್ಣು ಅವನ ಮೇಲಿದ್ದಾಗ ಕರು ತೊಟ್ಟಿಲಿನಿಂದ ಹಾರಿ ಹಿತ್ತಲಿಗೆ ಓಡಿತು. ಹಿಂದೆ ವಿರೂಪಾಕ್ಷಮ್ಮ, ಅವಳ ಹಿಂದೆ ಇಡೀ ಕಾರ್ಯ. ಹೊಸ ಬಚ್ಚಲಿನ ನೀರು ಹರಿಯುವ ಮೋರಿಯ ಪಕ್ಕದಲ್ಲಿ ದಟ್ಟವಾಗಿ ಬೆಳೆದ ಕಸಕ್ಕೆ ಕರು ಬಾಯಿ ಹಾಕಿತ್ತು. ಅದರ ತುಟಿಯಂಚಿನಲ್ಲಿ ಎಳ್ಳಿನಷ್ಟು ನೀಲಿ ಹೂವು ಅಂಟಿತ್ತು.

“ಕುಷ್ಟಗಿಗೆ ಕೊಡೂ ಮುಂದ ಆ ಪುಸ್ತಕದ ಧೂಳಾ ಇಲ್ಲೇ ಝಾಡಿಸಿದ್ದೆ,” ಎಂದಳು ವಿರೂಪಾಕ್ಷಮ್ಮ. “ಚಿತ್ತಿ ಮಳಿ ಬಿದ್ದಾಗಿಂದ ಈ ಕಸದ ಕಾಟ.”

“ಅಯ್ಯ, ಇದು ನಮ್ಮನಿ ತುಳಸಿಕಟ್ಟ್ಯಾಗೂ ಐತಿ,” ಎಂದಳು ದಾನೇಶ್ವರಿ. “ಆಯೇರಿ ಅಕ್ಕಿ ಹಸನ ಮಾಡುವಾಗ ಮೊರದಾಗ ಸಣ್ಣ ಕರಿ ಕಾಳು ಬಿದ್ದಿದ್ವು, ಅತ್ತಾಗ ಚೆಲ್ಲಿದ್ನಿ. ಕಿತ್ತು ಕಿತ್ತು ಸಾಕಾಗೇತಿ.”

“ನಮ್ಮ ಗುಲಾಬಿ ಗಿಡದ ಬುಡಕ್ಕೂ ಇದಽ ಎದ್ದೈತಿ,” ಎಂದಳು ಜುಬೇದಾಬೀ. “ಪಲ್ಯಾ ಮಾಡಿದ್ರ ಛಲೋ ಆಗ್ತೈತಿ.”

ಲಲಿತಾ ಬಗ್ಗಿ ನೋಡಿದರು. “ನಮ್ಮ ಹೊಸಪೇಟೆ ಮನೆ ಅಂಗಳದಲ್ಲೂ ಇದೇ. ದಿನಾ ಇವರೇ ತುಳಿದುಕೊಂಡು ವಾಕಿಂಗ್ ಹೋಗ್ತಾರೆ.”

ಬೀಜ ಉದುರಿದ್ದು ಎಲ್ಲಿ ಎಂದು ಆಗ ನನಗೆ ಬೆಳಕಾಯಿತು. ಪ್ರಭುರಾಜ ನೂರು ಹೊಲ ಹುಡುಕಿದ್ದ, ತಾನು ದಿನಾ ಮೈ ತೊಳೆದ ನೀರು ಎಲ್ಲಿಗೆ ಹೋಗುತ್ತದೆ ಎಂದು ನೋಡಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ, ಇವನಿಗೆ ಹಿತ್ತಲ ಗಿಡ ಗಿಡವೂ ಆಗಿರಲಿಲ್ಲ. ಅವನು ಮೊಣಕಾಲೂರಿ ಒಂದು ಎಲೆ ಮುಟ್ಟಿ, ಮೂಸಿ, ಮತ್ತೆ ಮುಟ್ಟಿದ.

ಗೋವಿಂದರಾಜರು ಮಾತ್ರ ಮುಖ ಗಂಟಿಕ್ಕಿದರು. “ಏನ್ರಿ ಮಾಸ್ತರೇ, ಇದು ಎಲ್ಲಾ ಕಡೆ ಇರೋ ಕಸ. ಹೊಸಪೇಟೆಯಿಂದ ಕುಷ್ಟಗಿವರೆಗೆ ಮನೆ ಮನೆ ಮುಂದೆ ಇದೆ. ಇಂಥದ್ದನ್ನ ಯಾರಾದರೂ ಪುಸ್ತಕದಲ್ಲಿ ಹಾಕ್ತಾರಾ?”

ಪ್ರಭುರಾಜ ಎದ್ದು ಧೋತರದ ಮಣ್ಣು ಕೊಡವಿಕೊಂಡ. ಕೈ ಮುಗಿದ.

“ಸರ್, ಈಗೇನಂದ್ರಿ, ಅದನ್ನ ಮೈಕಿನ್ಯಾಗ ಬಂದು ಹೇಳ್ರಿ.”

ಮೈಕೆಂದರೆ ಅವರು ಇಲ್ಲವೆನ್ನುವವರಲ್ಲ. ಹೋಗಿ ಹೇಳಿದರು. ಎರಿಗುಬ್ಬಿ ಎಂಬ ಗಿಡ ಎಲ್ಲೆಲ್ಲೂ ಇದೆ, ಕಿತ್ತರೂ ಹೋಗುವುದಿಲ್ಲ, ಅದರಲ್ಲಿ ವಿಶೇಷವೇನೂ ಇಲ್ಲ ಎಂದು ಖಡಾಖಂಡಿತವಾಗಿ, ಎರಡೂ ಹಾರ್ನಿನಲ್ಲಿ, ಬಸ್ ಸ್ಟ್ಯಾಂಡಿನವರೆಗೆ ಕೇಳುವಂತೆ ಹೇಳಿದರು. ಜನ ಚಪ್ಪಾಳೆ ಹೊಡೆದರು. ಎಲ್ಲರಿಗಿಂತ ಜೋರಾಗಿ ಹೊಡೆದವನು ಪ್ರಭುರಾಜ.

ಹಿತ್ತಲಲ್ಲಿ ಕರು ಇನ್ನೂ ಮೇಯುತ್ತಿತ್ತು. ನಾನು ಗಾಬರಿಯಾಗಿ ಅದನ್ನು ಎಳೆಯಲು ಹೋದೆ. ಪ್ರಭುರಾಜ ನನ್ನ ಕೈ ಹಿಡಿದ.

“ತಿನ್ಲಿ ಬಿಡೋ,” ಎಂದ. “ಭಾಳ ಐತಿ.”