ಕೈಗೆಟುಕುವ ವಾಲ್ವು

ನಲ್ಲಿಯ ಹಿಡಿ ಪಕ್ಕದ ಮನೆಯವಳ ಕೈಗೇ ಬಂತು. ಚಹಾದ ಲೋಟ ತೊಳೆಯುತ್ತಿದ್ದವಳು ಹಿಂದೆ ಸರಿಯುವಷ್ಟರಲ್ಲಿ ನೀರು ಚಿಮ್ಮಿ ಅಡುಗೆಮನೆಯ ನೆಲವೆಲ್ಲ ಒದ್ದೆಯಾಯಿತು. ಊರಿನ ಅರ್ಧ ನಲ್ಲಿಗಳನ್ನು ರಿಪೇರಿ ಮಾಡಿದ್ದ ಪ್ಲಂಬರ್ ಮುಂದಿನ ಕೋಣೆಯಲ್ಲಿ ಬಿಳಿ ಬಟ್ಟೆ ಹೊದ್ದು ತಣ್ಣಗೆ ಮಲಗಿದ್ದ. ಅವನನ್ನು ಒಯ್ಯುವ ವ್ಯಾನು ಇನ್ನೇನು ಬರುವುದಿತ್ತು.

"ಬದುಕಿದ್ದಿದ್ರೆ ನಮಗೆಲ್ಲ ಮಂಗಳಾರತಿ ಎತ್ತಿರೋನು," ಎನ್ನುತ್ತ ಅವನ ತಮ್ಮ ಏಣಿ ಎಳೆದು ತಂದ. ನೀರು ನಿಲ್ಲಿಸುವ ವಾಲ್ವು ಸೂರಿನ ಹತ್ತಿರ ಇರುತ್ತಿತ್ತು. ಬೆಳಗಿನಿಂದ ಒಂದೇ ಮಾತಿಗೆ ಜೋತುಬಿದ್ದಿದ್ದವನು ಏಣಿ ಹತ್ತುವಾಗಲೂ ಅದನ್ನು ಬಿಡಲಿಲ್ಲ. "ಗಡ್ಡೆ ಪೂರ್ತಿ ತೆಗೆದಿದ್ದೀವಿ ಅಂದ್ರಲ್ಲ ಆ ಡಾಕ್ಟರು? ಮತ್ತೆ ಮಿದುಳಿಗೆ ಹೇಗೆ ಹೋಯ್ತು ಅತ್ತಿಗೆ?"

ಪ್ಲಂಬರನ ಹೆಂಡತಿ ನೆಲ ಒರೆಸುತ್ತಲೇ ಇದ್ದಳು.

*

ಆಪರೇಷನ್ ಆದಮೇಲೆ ಡಾಕ್ಟರು ಅವಳೊಬ್ಬಳನ್ನೇ ಕರೆದಿದ್ದರು.

"ಶ್ವಾಸಕೋಶದ ಗಡ್ಡೆ ಪೂರ್ತಿ ಬಂದಿದೆಯಮ್ಮ. ಆದ್ರೆ ಲ್ಯಾಬಲ್ಲಿ ನೋಡಿದಾಗ ಒಂದು ರಕ್ತನಾಳದ ಒಳಗೂ ಕ್ಯಾನ್ಸರ್ ಕಣ ಸಿಕ್ಕಿದೆ. ಅಂಥೋರಲ್ಲಿ ಅದು ಬೇರೆ ಕಡೆ ತಲೆ ಎತ್ತೋದು ಜಾಸ್ತಿ. ಬಂದೇ ಬರುತ್ತೆ ಅಂತಲ್ಲ. ಒಂದು ಕಣ್ಣಿಟ್ಟಿರಬೇಕು."

ವಾರ್ಡಿನಲ್ಲಿ ಅವನು ಗೋಡೆಯ ಪೈಪಿನ ಜೋಡಣೆಯಲ್ಲಿ ತಪ್ಪು ಹುಡುಕುತ್ತ ಕೂತಿದ್ದ.

"ಏನಂದ್ರು?"

"ಪೂರ್ತಿ ತೆಗೆದಿದ್ದಾರಂತೆ."

"ರಕ್ತದ ಪೈಪಿನೊಳಗೆ ಹೋಗಿಲ್ಲ ತಾನೆ?"

"ಇಲ್ವಂತೆ," ಎಂದವಳೇ ಕಿತ್ತಳೆ ಬಿಡಿಸುವ ನೆಪದಲ್ಲಿ ಆಚೆ ತಿರುಗಿದಳು. ಸುಳ್ಳು ಹೇಳಿದರೆ ಅವಳ ಕಿವಿ ಕೆಂಪಾಗುತ್ತಿತ್ತು. ಮದುವೆಯಾದಾಗಿನಿಂದ ಅವನು ಅದನ್ನೇ ಆಡಿಕೊಂಡು ನಗುತ್ತಿದ್ದ.

"ಹಾಗಾದ್ರೆ ಬಚಾವ್," ಎಂದ.

ಆ ಸುಳ್ಳಿನ ವಿಷಯ ಅವಳು ಇವತ್ತಿಗೂ ಯಾರಿಗೂ ಹೇಳಿರಲಿಲ್ಲ. ಅವನನ್ನು ಕತ್ತಲಲ್ಲಿಟ್ಟೇ ಕಳಿಸಿಬಿಟ್ಟೆನಲ್ಲ ಎಂಬ ಸಂಕಟಕ್ಕೆ ಬೆಳಗಿನಿಂದ ಅವಳಿಗೆ ಅಳು ಕೂಡ ಬಂದಿರಲಿಲ್ಲ.

*

"ಅತ್ತಿಗೆ, ಇಲ್ಲಿ ವಾಲ್ವೇ ಇಲ್ಲ," ಎಂದ ತಮ್ಮ ಏಣಿಯ ಮೇಲಿನಿಂದ.

"ಸರಿಯಾಗಿ ನೋಡಪ್ಪ. ನಂಗೆ ಎಟುಕಲ್ಲ ಅಂತ ಯಾವಾಗ್ಲೂ ಅವರೇ ಹತ್ತಿ ತಿರುಗಿಸೋರು."

"ಕಿತ್ತು ಹಾಕಿದ್ದಾನೆ. ಹೊಸ ಪೈಪು ಕಪಾಟಿನ ಹಿಂದೆ ಕೆಳಕ್ಕಿಳಿದಿದೆ ನೋಡಿ."

ಅವಳು ಮೊಣಕಾಲೂರಿ ಸಿಂಕಿನ ಕೆಳಗಿನ ಬಾಗಿಲು ತೆರೆದಳು. ಡಬ್ಬಗಳನ್ನು ಸರಿಸಿ ಕೈ ಚಾಚಿದರೆ ಸಿಗುವಲ್ಲಿ ಹೊಸ ವಾಲ್ವು ಇತ್ತು. ಬಲವಿಲ್ಲದ ಕೈಗೂ ತಿರುಗಲೆಂದು ಉದ್ದ ಹಿಡಿ ಹಾಕಿದ್ದ. ಎರಡೇ ಬೆರಳಿಗೆ ಅದು ತಿರುಗಿತು. ನೀರು ನಿಂತಿತು.

"ಯಾವಾಗ ಮಾಡ್ದ ಇದನ್ನ?"

"ಆಸ್ಪತ್ರೆಯಿಂದ ಬಂದ ಹೊಸದ್ರಲ್ಲಿ." ಹೊಲಿಗೆ ಮಾಯುವ ಮೊದಲೇ ಅವನು ಇಲ್ಲಿ ತೂರಿಕೊಂಡು ಏದುಸಿರು ಬಿಡುತ್ತಿದ್ದ. ಈಗೇನು ಅವಸರ ಎಂದು ಅವಳು ಬೈದಿದ್ದಳು. ಬೇಜಾರು ಕಣೆ, ಕೈ ಸುಮ್ಮನಿರಲ್ಲ ಎಂದಿದ್ದ.

"ಆಗ ಪೂರ್ತಿ ವಾಸಿಯಾಗಿದೆ ಅಂತ ತಾನೆ ಅವನು ನಂಬಿದ್ದು?"

"ನಂಬಿದ್ದಾರೆ ಅಂತಾನೇ ನಾನೂ ಅಂದ್ಕೊಂಡಿದ್ದೆ," ಎಂದಳು. ಮಾತು ಮುಗಿಯುವ ಮೊದಲೇ ಅಳು ನುಗ್ಗಿ ಬಂತು.

ಹೊರಗೆ ವ್ಯಾನು ಬಂದು ನಿಂತ ಸದ್ದಾಯಿತು. ಏಳಿ ಅತ್ತಿಗೆ ಎಂದು ತಮ್ಮ ಕರೆದ. ಅವಳು ಒದ್ದೆ ನೆಲದಲ್ಲೇ ಕೂತಿದ್ದಳು, ಒಂದು ಕೈ ವಾಲ್ವಿನ ಹಿಡಿಯ ಮೇಲೆ, ಇನ್ನೊಂದು ಅವತ್ತು ಅವನೆದುರು ಕೆಂಪಾಗಿದ್ದ ಕಿವಿಯ ಮೇಲೆ.