ರಾಕ್ಷಸನ ಪಾತ್ರದಲ್ಲಿ ಅಳಿಯಂದಿರು

ಹಾಸಿಗೆ ಅಂಗಡಿಯ ಯಜಮಾನಿ ಥಿಯೇಟರಿನ ಸೀಟನ್ನು ಅಂಗೈಯಿಂದ ಒತ್ತಿ ನೋಡಿ, "ಫೋಮ್ ಯಾವತ್ತೋ ಸತ್ತಿದೆ" ಎಂದು ತೀರ್ಪು ಕೊಟ್ಟ ಮೇಲೆಯೇ ಕೂತರು. ಮನೆಯವರು ಅವರಿಗೆ ಹೈಕೋರ್ಟು ಅಂತ ಹೆಸರಿಟ್ಟದ್ದು ಸುಮ್ಮನೆ ಅಲ್ಲ.

ಆವತ್ತಿನ ಕೇಸು ಅಳಿಯನದು. ಅವರ ಮನೆಯ ಮಹಡಿಯಲ್ಲೇ ಸಂಸಾರ ಹೂಡಿ, ನಟನೆ ನಟನೆ ಎಂದು ಅಲೆಯುತ್ತಿದ್ದವನಿಗೆ ಕೊನೆಗೊಂದು ಸಿನಿಮಾ ಸಿಕ್ಕಿತ್ತು. ರಾಕ್ಷಸನ ಪಾತ್ರ. ಹೈಕೋರ್ಟಿನ ಷರತ್ತು ಸರಳವಾಗಿತ್ತು: ಸಿನಿಮಾದಲ್ಲಿ ಇವರು ನಮ್ಮ ಅಳಿಯ ಅಂತ ತಮಗೆ ಗೊತ್ತಾದರೆ ಅವನು ನಟನಾಗಿಯೇ ಇರಬಹುದು. ಇಲ್ಲದಿದ್ದರೆ ಸೋಮವಾರದಿಂದ ಅಂಗಡಿಯ ಗಲ್ಲಾ.

ಪರದೆಯ ಮೇಲೆ ಅಕ್ಷರ ಮೂಡಿತು. ಇವು ಕಾಣೆಯಾದ ವಿದ್ಯಾರ್ಥಿಗಳ ಕ್ಯಾಮೆರಾದಲ್ಲಿ ಸಿಕ್ಕ ದೃಶ್ಯಗಳಂತೆ.

"ಸಿಕ್ಕಿದ್ರೆ ಪೊಲೀಸರಿಗೆ ಕೊಡ್ಬೇಕಪ್ಪ. ಟಿಕೆಟ್ ಇಟ್ಟು ತೋರಿಸೋದಾ?"

"ಅಮ್ಮಾ, ಅದು ಕಥೆ ಕಣಮ್ಮ" ಎಂದಳು ಇಬ್ಬರ ನಡುವೆ ಕೂತಿದ್ದ ಮಗಳು.

"ನಿಜ ಅನ್ನಿಸ್ಲಿ ಅಂತ ಅತ್ತೆ. ಸದ್ದು ಕೂಡ ಅಲ್ಲೇ ಹಿಡಿದದ್ದು, ಆಮೇಲೆ ಸೇರಿಸಿದ್ದಲ್ಲ" ಎಂದ ಅಳಿಯ.

ನಿಜ ಅನ್ನಿಸಲೆಂದು ಕ್ಯಾಮೆರಾ ಕುಣಿಯತೊಡಗಿತು. ನೆಲ ಬಂತು, ಬೂಟು ಬಂತು, ಯಾರದೋ ಮೂಗಿನ ಹೊಳ್ಳೆ ಬಂತು, ಮತ್ತೆ ಬೂಟು ಬಂತು.

"ಇದೇನು ರಾಕ್ಷಸನ ಕಥೆಯೋ, ಬೂಟಿನ ಜಾಹೀರಾತೋ? ಜೀವ ಉಳಿಸ್ಕೊಳ್ಳೋಕೆ ಓಡೋನು ಆ ಡಬ್ಬ ಬಿಸಾಕಿ ಓಡಬಾರ್ದಾ?"

"ಈ ಥರ ಸಿನಿಮಾದ ಸ್ಟೈಲೇ ಅದು ಅತ್ತೆ."

ರಾಕ್ಷಸ ಮೊದಲ ಸಲ ಬಂದಾಗ ಕ್ಯಾಮೆರಾ ಕೆಳಗೆ ಬಿತ್ತು. ಎರಡನೆಯ ಸಲ ಕರೆಂಟು ಹೋಯಿತು. ಆಮೇಲೊಮ್ಮೆ ಬಾಗಿಲ ಸಂದಿಯಲ್ಲಿ ಕಪ್ಪಗೇನೋ ಅಲ್ಲಾಡಿತು.

"ನಾನೇ, ಅತ್ತೆ!" ಎಂದು ಅಳಿಯ ಸೀಟಿನ ತುದಿಗೆ ಸರಿದ.

"ಯಾವುದು? ನಾನು ಕಿಟಕಿ ಪರದೆ ಅಂದ್ಕೊಂಡೆ."

"ನನ್ನ ಮೊಣಕೈ."

"ಮೊಣಕೈ ತೋರಿಸೋಕೆ ಮೈಗೆಲ್ಲ ರಬ್ಬರ್ ಯಾಕೆ ಹಾಕ್ಕೊಂಡ್ರಿ? ಕೈಗಷ್ಟೇ ಸಾಕಿತ್ತಲ್ಲ."

ರಬ್ಬರಿನೊಳಗೆ ಬೆಂದು ಅರ್ಧ ಆಗಿ ಮನೆಗೆ ಬರುತ್ತಿದ್ದ ಅಳಿಯ ಈಗ ಉಳಿದರ್ಧವೂ ಸೀಟಿನೊಳಗೆ ಇಂಗಿಹೋದಂತೆ ಕಂಡ. ಮಗಳು ಕರ್ಚೀಫು ಹಿಂಡುತ್ತಿದ್ದಳು. ಗಂಡ ಗಲ್ಲಾದ ಹಿಂದೆ ಕೂತು, ಬಂದವರ ಸೊಂಟನೋವಿನ ಕಥೆ ಕೇಳುತ್ತಾ ಮುದುಕನಾಗುವುದು ಅವಳ ಕಣ್ಣಿಗೆ ಆಗಲೇ ಕಟ್ಟಿತ್ತು. ಹೈಕೋರ್ಟು ಮಾತ್ರ ಸೋಮವಾರ ಅವನಿಗೆ ಯಾವ ಸ್ಟೂಲು ಹಾಕುವುದೆಂದು ಯೋಚಿಸುತ್ತಿದ್ದರು.

ಕೊನೆಗೆ ವಿದ್ಯಾರ್ಥಿಗಳೆಲ್ಲ ಒಂದು ಮೇಜಿನಡಿ ನುಗ್ಗಿದರು. ಕ್ಯಾಮೆರಾ ಮೊದಲ ಬಾರಿಗೆ ಅಲ್ಲಾಡದೆ ನಿಂತಿತು. ಪರದೆ ತುಂಬ ಕತ್ತಲು. ಮೇಲಿನ ಮಹಡಿಯಲ್ಲಿ ಏನೋ ನಡೆಯತೊಡಗಿತು.

ಸರ್ರ್... ದಪ್. ಸರ್ರ್... ದಪ್.

ಥಿಯೇಟರು ಉಸಿರು ಬಿಗಿಹಿಡಿಯಿತು. ಮುಂದಿನ ಸಾಲಿನ ದಢೂತಿ ಮನುಷ್ಯ ಕಾಲೆರಡನ್ನೂ ಎತ್ತಿ ಸೀಟಿನ ಮೇಲಿಟ್ಟುಕೊಂಡ. ಹೈಕೋರ್ಟಿನ ಕಿವಿ ನೆಟ್ಟಗಾಯಿತು. ದಿನಾ ಬೆಳಗ್ಗೆ ಕಾಫಿ ಲೋಟ ಹಿಡಿದು ಕೂತರೆ ತಲೆಯ ಮೇಲೆ ಇದೇ ಸದ್ದು, ಇದೇ ಎಡಗಾಲು, ಇದೇ ಸೋಮಾರಿತನ.

"ಕಾಲೆತ್ತಿ ನಡೀರಿ ಅಂತ ಎಷ್ಟು ಸಲ ಬಡ್ಕೊಂಡಿದೀನಿ, ಅಳಿಯಂದ್ರೇ!"

ಅರ್ಧ ಥಿಯೇಟರು ಚೀರಿತು, ಅರ್ಧ ನಕ್ಕಿತು. ದಢೂತಿ ಮನುಷ್ಯ ಎರಡನ್ನೂ ಮಾಡಿದ.

ಹೊರಗೆ ಬಂದ ಮೇಲೆ ಹೈಕೋರ್ಟು ತಮ್ಮ ತೀರ್ಪಿನ ಮೇಲೆ ತಾವೇ ಅಪೀಲು ಹೋಗಲು ನೋಡಿದರು. "ನಾನೇನೂ ನೋಡ್ಲಿಲ್ಲ. ಬರೀ ಸದ್ದು ಕೇಳಿಸ್ತು."

"ಗೊತ್ತಾಗ್ಬೇಕು ಅಂದಿದ್ದೆ ತಾನೇ? ಗೊತ್ತಾಯ್ತು. ಕೂಗಿ ಬೇರೆ ಹೇಳಿದ್ದೀಯ" ಎಂದಳು ಮಗಳು.

ಮನೆ ಬಾಗಿಲಲ್ಲಿ ಹೈಕೋರ್ಟು, "ಗಲ್ಲಾಕ್ಕೆ ಬೇರೆಯವರನ್ನ ನೋಡ್ತೀನಿ. ಸಿನಿಮಾ ದರಿದ್ರವಾಗಿತ್ತು, ಅದರಲ್ಲಿ ಬದಲಾವಣೆ ಇಲ್ಲ" ಎಂದರು.

ಅಳಿಯ ಕೃತಜ್ಞತೆಯಿಂದ ಮೆಟ್ಟಿಲು ಹತ್ತಿ ಮೇಲೆ ಹೋದ. ಮಹಡಿಯಲ್ಲಿ ಎಚ್ಚರದ, ಸದ್ದಿಲ್ಲದ, ಸುಸಂಸ್ಕೃತ ಹೆಜ್ಜೆಗಳು. ಹೈಕೋರ್ಟು ಸ್ವಲ್ಪ ಹೊತ್ತು ಸೂರು ನೋಡಿದರು.

"ಏನ್ರೀ ಅಳಿಯಂದ್ರೇ, ಇದ್ದದ್ದೊಂದು ವಿದ್ಯೆ, ಅದನ್ನೂ ಮರೀತೀರಾ? ಎಳೀರಿ ಕಾಲು!"