ಗೋಡೆಗೆ ತಿರುಗಿಸಿಟ್ಟ ಹೂಜಿ

ಪರದೆಯ ಅಂಚಿಗೆ ಕೈಹೊಲಿಗೆ, ಮಿಷನ್ನಿನದಲ್ಲ, ಒಂದೊಂದು ಹೊಲಿಗೆಯೂ ಸಾಸಿವೆಯಷ್ಟು, ಯಾವ ಪುಣ್ಯಾತ್ಮ ಹಾಕಿದನೋ, ನಲವತ್ತು ವರ್ಷ ರವಿಕೆ ಹೊಲಿದ ನನಗೇ ಹೊಟ್ಟೆಕಿಚ್ಚಾಗಬೇಕು — ಮುಟ್ಬೇಡಿ ಅಮ್ಮಾ, ಹಗ್ಗದ ಈಚೆ ನಿಂತ್ಕೊಳ್ಳಿ, ಈಗ ಮ್ಯೂಸಿಯಂ ಆಗಿರುವ ಈ ಮನೆ ತೋರಿಸುವವನ ದನಿ, ಥೇಟ್ ಗಣಿತದ ಮೇಷ್ಟ್ರು, ಮುಟ್ಟಲ್ಲ ಕಣಪ್ಪಾ, ನೋಡಿದರೆ ಏನು ಸವೆದುಹೋಗುತ್ತಾ, ಇದೇ ಕೋಣೆಯನ್ನು ನಮ್ಮಮ್ಮ ಆರು ವರ್ಷ ದಿನಾ ಒರೆಸಿದ್ದಾಳೆ, ಹಾಗಂತ ಬಾಯಿಬಿಡುವ ಹಾಗಿಲ್ಲ, ಅಮ್ಮ ಬೆಳಗ್ಗೆ ಹಾಸಿಗೆಯಿಂದಲೇ ನನ್ನ ಗಲ್ಲ ಹಿಡಿದು ಹೇಳಿದ್ದಾಳೆ, ಯಾರ್ ಮಗಳು ಅಂತ ಹೇಳ್ಬೇಡ, ಹೂಜಿ ಇದೆಯಾ ಇಲ್ವಾ, ಅಷ್ಟು ನೋಡ್ಕೊಂಡ್ ಬಾ — ಅವಳ ಹೆಬ್ಬೆರಳಿನ ಆ ಅಡ್ಡಗೀರು ಗಲ್ಲಕ್ಕೆ ಇನ್ನೂ ಒರಟಾಗಿ ತಾಗುತ್ತದೆ, ಅವಳು ಚಿಕ್ಕವಳಿದ್ದಾಗ ಕುಡುಗೋಲು ಕೊಯ್ದದ್ದು, ನನಗೆ ಜಡೆ ಹಾಕುವಾಗೆಲ್ಲ ಅದೇ ಹೆಬ್ಬೆರಳು, ಅಲ್ಲಾಡ್ಬೇಡ್ವೇ ಕೋತಿ, ಅಂತ. ಆದರೆ ಅಬ್ಬಬ್ಬಾ, ಈ ಬೀರು! ಗುಂಡಿಗಳು, ಬೀಗಗಳು, ಹಲ್ಲು ಮುರಿದ ಬಾಚಣಿಗೆ ಕೂಡ, ಜನ ಕಸದ ಬುಟ್ಟಿಗೆ ಹಾಕುವುದನ್ನು ಮಖಮಲ್ಲಿನ ಮೇಲೆ ಮಲಗಿಸಿದ್ದಾರೆ ಈ ಮನೆಯ ಯಜಮಾನರು, ಒಂದೊಂದರ ಪಕ್ಕ ಅವರದೇ ಕೈಬರಹದ ಚೀಟಿ, ಎಲ್ಲಿ ಸಿಕ್ಕಿತು, ಯಾರು ಮಾಡಿದರು, ಹೆಸರು ಗೊತ್ತಿಲ್ಲದ ಕಡೆ 'ಮಾಡಿದವರು ಯಾರೆಂದು ಗೊತ್ತಾಗಲಿಲ್ಲ, ಕ್ಷಮಿಸಿ' — ಬಾಚಣಿಗೆ ಮಾಡಿದವನ ಕ್ಷಮೆ ಕೇಳುತ್ತಾರಲ್ಲ, ಎಂಥ ಮನುಷ್ಯನಪ್ಪಾ ಇವರು, ಪರದೆಯ ಚೀಟಿಯಲ್ಲಂತೂ ದರ್ಜಿಯ ಹೆಸರೇ ಇದೆ, ನನ್ನ ಹೆಸರನ್ನು ಯಾರಾದರೂ ಯಾವ ರವಿಕೆಗಾದರೂ ಬರೆದಿದ್ದಾರಾ, ಇಂಥವರಿಗಾ ಅಮ್ಮ ಅಷ್ಟು ಹೆದರಿದ್ದು.

ಮೆಟ್ಟಿಲು ಹತ್ತುವಾಗ ಮಂಡಿ ಹಿಡಿಯುತ್ತದೆ, ಪಕ್ಕದ ಹಿಡಿಕಂಬಿ ನುಣ್ಣಗಿದೆ, ಇದನ್ನೂ ಅವಳೇ ಉಜ್ಜಿದ್ದು, ಅಮ್ಮ ಹೇಳಿದ ಗುರುತು, ಎಡಗಡೆ ಎರಡನೇ ಕೋಣೆ, ಮೂಲೆಯ ಗೂಡು, ನೀಲಿ ಹೂಜಿ, ಆವತ್ತು ಧೂಳು ಹೊಡೆಯುವಾಗ ಅವಳ ಕೈಜಾರಿ ಅದರ ಕತ್ತು ಮುರಿಯಿತು, ಯಜಮಾನರು ಊರಲ್ಲಿರಲಿಲ್ಲ, ಮೇಜಿನ ಮೇಲೆ ಲಕೋಟೆಗೆ ಹಾಕುವ ಕೆಂಪು ಅರಗಿತ್ತು, ಮೇಣದಬತ್ತಿಯಲ್ಲಿ ಕರಗಿಸಿ ಮೆತ್ತಿ, ಬಿಸಿಬಿಸಿಯಲ್ಲೇ ಅದುಮಿ, ಅರಗಿನ ಕಡೆಯನ್ನು ಗೋಡೆಗೆ ತಿರುಗಿಸಿಟ್ಟು, ಸುಟ್ಟ ಬೆರಳನ್ನು ಬಾಯಲ್ಲಿಟ್ಟುಕೊಂಡು ಮನೆಗೆ ಬಂದವಳು ಮತ್ತೆ ಈ ಬೀದಿಗೇ ಕಾಲಿಡಲಿಲ್ಲ, ಮಾರುಕಟ್ಟೆಗೂ ಸುತ್ತು ಹಾಕಿಕೊಂಡೇ ಹೋಗುತ್ತಿದ್ದಳು, ಓಡಿಹೋದ್ಲು ಕಳ್ಳಿ ಅಂತಿರ್ತಾರೆ ಕಣೇ, ನಾನೋ ಹೆಬ್ಬೆಟ್ಟು, ಒಂದು ಕಾಗದ ಬರೆದು ತಪ್ಪಾಯ್ತು ಅನ್ನೋಕೂ ಬರ್ಲಿಲ್ಲ — ಐವತ್ತು ವರ್ಷ ಇದೊಂದೇ ಕೊರಗು, ಈಗ ಕಣ್ಣು ಹೋಗಿದೆ, ಕೊರಗು ಹೋಗಿಲ್ಲ. ಎರಡನೇ ಕೋಣೆ, ಮೂಲೆ, ಗೂಡು — ಖಾಲಿ. ಎಸೆದುಬಿಟ್ಟರಾ, ಅಯ್ಯೋ ಅಮ್ಮಾ, ಏನಂತ ಹೇಳಲಿ, ಇದೆ ಅಂತ ಸುಳ್ಳು ಹೇಳಲಾ, ಕಣ್ಣಿಲ್ಲದವಳು, ನಂಬುತ್ತಾಳೆ, ಇಲ್ಲ, ನನ್ನ ದನಿಯಲ್ಲೇ ಹಿಡಿಯುತ್ತಾಳೆ, ಯಾವತ್ತು ನನ್ನ ಸುಳ್ಳು ಅವಳ ಹತ್ತಿರ ನಡೆದಿದೆ — ಇಲ್ಲೊಂದು ನೀಲಿ ಹೂಜಿ ಇತ್ತಲ್ವಾ, ಕೇಳಿಯೇಬಿಟ್ಟೆ, ಮೇಷ್ಟ್ರ ದನಿ ತಟ್ಟನೆ ಮೆತ್ತಗಾಯಿತು, ನಿಮಗೆ ಹೇಗ್ ಗೊತ್ತಮ್ಮಾ, ಅದನ್ನ ಯಜಮಾನ್ರು ತಮ್ಮ ಮಂಚದ ಹತ್ರ ಇಟ್ಕೊಂಡಿದ್ರು, ಕೊನೇವರೆಗೂ, ಬನ್ನಿ.

ಕಿರಿದಾದ ಮಂಚ, ಕೆಳಗೆ ಒಂದು ಜೊತೆ ಚಪ್ಪಲಿ, ಹಿಮ್ಮಡಿ ಸವೆದಿದೆ, ಲೋಕದ ಸಾಮಾನೆಲ್ಲ ಕೂಡಿಟ್ಟವರ ಸ್ವಂತದ್ದು ಇಷ್ಟೇನಾ, ದಿಂಬಿನ ಪಕ್ಕದ ಮೇಜಿನ ಮೇಲೆ ಅದೇ, ನೀಲಿ, ಅಮ್ಮ ಹೇಳಿದ್ದಕ್ಕಿಂತ ಪುಟ್ಟದು, ಇಷ್ಟಕ್ಕಾ ತಾಯೀ ಐವತ್ತು ವರ್ಷ, ಆದರೆ ಗೋಡೆಗೆ ತಿರುಗಿಲ್ಲ, ಯಜಮಾನರು ತಿರುಗಿಸಿದ್ದಾರೆ, ಅರಗಿನ ಕಡೆ ದಿಂಬಿಗೆ ಎದುರಾಗಿ, ಮಲಗಿದವರಿಗೆ ಮೊದಲು ಕಾಣುವ ಹಾಗೆ, ಚೀಟಿಯೂ ಇದೆ, ಕನ್ನಡಕ ಎಲ್ಲಿ, ಹಾಳಾದ್ದು, ಹಾಂ — ಮಾಡಿದವರು ಯಾರೆಂದು ಗೊತ್ತಾಗಲಿಲ್ಲ, ಕ್ಷಮಿಸಿ, ಅದರ ಕೆಳಗೆ ಇನ್ನೊಂದು ಸಾಲು, ಮುರಿದದ್ದನ್ನು ಜೋಡಿಸಿದವರು ಸಹಿ ಹಾಕಿದ್ದಾರೆ — ಸಹಿಯಾ, ಯಾವ ಸಹಿ, ಅವಳಿಗೆ ಅಕ್ಷರವೇ ಬರುವುದಿಲ್ಲ, ಬಗ್ಗುತ್ತೇನೆ, ಹಗ್ಗ ಹೊಟ್ಟೆಗೆ ಒತ್ತುತ್ತದೆ, ನನ್ನ ಗಲ್ಲಕ್ಕೆ ಗೊತ್ತು ಅದು, ಹೂಜಿಯ ಕತ್ತಿನಲ್ಲಿ ಕೆಂಪು ಅರಗು, ಅರಗಿನಲ್ಲಿ ಹೆಬ್ಬೆಟ್ಟು, ಹೆಬ್ಬೆಟ್ಟಿನ ನಡುವೆ ಆ ಅಡ್ಡಗೀರು, ಅಮ್ಮಾ, ಅಡ್ಡಗೀರು —